ಯಾವ ಕಂಪ್ಯೂಟರ್ ಭಾಷೆ ಹೆಚ್ಚು ವೇಗ?

ಮಕ್ಕಳೇ, ಓಟದ ಸ್ಪರ್ಧೆಯಲ್ಲಿ ಒಬ್ಬನು ಮೈದಾನದಲ್ಲಿ, ಇನ್ನೊಬ್ಬನು ಗದ್ದೆಯ ಕೆಸರಿನಲ್ಲಿ ಓಡಿದರೆ ಯಾರು ವೇಗದ ಓಟಗಾರ ಎಂದು ಹೇಳಲು ಸಾಧ್ಯವೇ? ಇಲ್ಲ. ಸ್ಪರ್ಧೆ ನ್ಯಾಯವಾಗಿರಬೇಕು. ಕಂಪ್ಯೂಟರ್ ಭಾಷೆಗಳ ವೇಗವನ್ನು ಹೋಲಿಸುವಾಗಲೂ ಅಷ್ಟೇ.

ಕಂಪ್ಯೂಟರಿಗೆ ತಿಳಿಯುವುದು 0 ಮತ್ತು 1 ಎಂಬ ಅಂಕಿಗಳ ಯಂತ್ರಭಾಷೆ ಮಾತ್ರ. ಅದರಲ್ಲಿ ಬರೆಯುವುದು ನಮಗೆ ಬಹಳ ಕಷ್ಟ. ಆದ್ದರಿಂದ ನಾವು ಫೋರ್‌ಟ್ರಾನ್, ಸಿ, ಪೈಥಾನ್ ಮುಂತಾದ ಭಾಷೆಗಳಲ್ಲಿ ಸೂಚನೆಗಳನ್ನು ಬರೆಯುತ್ತೇವೆ. ಈ ಸೂಚನೆಗಳ ಪಟ್ಟಿಯೇ ಪ್ರೋಗ್ರಾಂ. ಅದನ್ನು ಕಂಪ್ಯೂಟರಿಗೆ ತಿಳಿಸಲು ಅನುವಾದಕ ಬೇಕು.

ಇಬ್ಬರು ಅನುವಾದಕರು

ನಿಮಗೆ ಬಾರದ ಭಾಷೆಯ ಒಂದು ಚೀಟಿ ಸಿಕ್ಕಿದೆ ಎಂದುಕೊಳ್ಳಿ. ಅದರಲ್ಲಿ ಗಿಡಕ್ಕೆ ನೀರು ಹಾಕುವ ಬಗ್ಗೆ 5 ಸೂಚನೆಗಳಿವೆ. ಶಾಲೆಯ ತೋಟದ 20 ಗಿಡಗಳಿಗೂ ಹಾಗೆಯೇ ಮಾಡಬೇಕು. ಆ ಭಾಷೆ ಬಲ್ಲ ಗೆಳತಿ ಪಕ್ಕದಲ್ಲಿ ನಿಂತು ಪ್ರತಿ ಗಿಡಕ್ಕೂ ಒಂದೊಂದೇ ಸಾಲನ್ನು ಅನುವಾದಿಸಿ ಹೇಳಿದರೆ, ಅವಳು 100 ಸಲ ಅನುವಾದಿಸಬೇಕು. ಹೀಗೆ ಕೆಲಸ ಮಾಡುವ ಅನುವಾದಕಕ್ಕೆ ಇಂಟರ್‌ಪ್ರಿಟರ್ ಎಂದು ಹೆಸರು.

ಇನ್ನೊಬ್ಬಳು ಮೊದಲೇ ಕುಳಿತು 5 ಸಾಲುಗಳನ್ನೂ ಕನ್ನಡದಲ್ಲಿ ಬರೆದು ಕೊಡುತ್ತಾಳೆ. ಪ್ರತಿ ಗಿಡಕ್ಕೂ ‘ಕೋಣೆಯಿಂದ ಬಕೆಟ್ ತನ್ನಿ’ ಎಂದು ಇರುವುದನ್ನು ನೋಡಿ, ‘ಬಕೆಟ್ ಒಮ್ಮೆ ತಂದರೆ ಸಾಕು’ ಎಂದು ತಿದ್ದುತ್ತಾಳೆ. ಇವಳು ಕಂಪೈಲರ್ ಇದ್ದಂತೆ. ಆರಂಭ ತುಸು ತಡವಾದರೂ ಕೆಲಸ ಬೇಗ ಮುಗಿಯುತ್ತದೆ. ಆದರೆ ಇರುವುದು ಒಂದೇ ಗಿಡವಾದರೆ? ಆಗ ಮೊದಲನೆಯವಳೇ ವಾಸಿ!

ಸಿ ಭಾಷೆಗೆ ಸಾಮಾನ್ಯವಾಗಿ ಕಂಪೈಲರ್ ಬಳಸುತ್ತಾರೆ. ಪೈಥಾನ್‌ಗೆ ಹೆಚ್ಚಾಗಿ ಇಂಟರ್‌ಪ್ರಿಟರ್ ಬಳಸುತ್ತಾರೆ. ಆದ್ದರಿಂದ ಲೆಕ್ಕವನ್ನು ಲಕ್ಷಾಂತರ ಸಲ ಮಾಡಬೇಕಾದಾಗ ಸಿ ಸಾಮಾನ್ಯವಾಗಿ ಮುಂದಿರುತ್ತದೆ. ಬೇಗ ಬರೆದು ಮುಗಿಸಲು ಪೈಥಾನ್ ಸುಲಭ.

ಅನುಮಾನಕ್ಕೆ ಉತ್ತರ

1954ರಲ್ಲಿ ಅಮೆರಿಕದ ಐಬಿಎಂ ಕಂಪೆನಿಯಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್‌ಟ್ರಾನ್ ಕಂಪೈಲರ್ ರಚಿಸಲು ತೊಡಗಿದರು. ಆಗ ಕಂಪ್ಯೂಟರುಗಳು ಕೆಲವೇ ಇದ್ದವು. ಅವುಗಳ ಒಂದೊಂದು ನಿಮಿಷವೂ ದುಬಾರಿಯಾಗಿತ್ತು. ಪರಿಣತರು ಕೈಯಿಂದ ಬರೆದಷ್ಟು ಚುರುಕಾದ ಯಂತ್ರಭಾಷೆಯನ್ನು ಕಂಪೈಲರ್ ಬರೆಯಬಲ್ಲದೇ ಎಂದು ಅನೇಕರಿಗೆ ಅನುಮಾನವಿತ್ತು. ಅದು ನಿಧಾನವಾದರೆ ಯಾರೂ ಬಳಸುವುದಿಲ್ಲ ಎಂದು ಬ್ಯಾಕಸ್ ಅವರಿಗೂ ಗೊತ್ತಿತ್ತು.

1957ರಲ್ಲಿ ಐಬಿಎಂ 704 ಯಂತ್ರಕ್ಕೆ ಕಂಪೈಲರ್ ಸಿದ್ಧವಾಯಿತು. ಅದು ರಚಿಸಿದ ಪ್ರೋಗ್ರಾಂಗಳ ವೇಗ ಅನೇಕ ಸಲ ಕೈಬರಹದ ಪ್ರೋಗ್ರಾಂಗಳ ಹತ್ತಿರಕ್ಕೆ ಬಂದಿತು. ಬರೆಯುವ ಶ್ರಮವಂತೂ ಬಹಳ ಕಡಿಮೆಯಾಯಿತು. ಅನುಮಾನ ಪರಿಹಾರವಾದದ್ದು ವಾದದಿಂದಲ್ಲ, ಮಾಡಿ ನೋಡಿದ್ದರಿಂದ. ಹವಾಮಾನ ಮುನ್ಸೂಚನೆಯ ದೊಡ್ಡ ಲೆಕ್ಕಗಳಿಗೆ ಫೋರ್‌ಟ್ರಾನ್ ಇಂದಿಗೂ ಬಳಕೆಯಲ್ಲಿದೆ.

ನ್ಯಾಯವಾದ ಪಂದ್ಯ

ಎರಡು ಭಾಷೆಗಳನ್ನು ಹೋಲಿಸಲು ಯಂತ್ರ ಒಂದೇ ಇರಬೇಕು. ಕೆಲಸ ಒಂದೇ ಇರಬೇಕು. ಲೆಕ್ಕ ಮಾಡುವ ವಿಧಾನವೂ ಒಂದೇ ಇರಬೇಕು. ಉತ್ತರ ಸರಿಯಾಗಿರಬೇಕು. ಒಂದೇ ಸಲ ಅಳೆದು ಬಿಡದೆ ಹಲವು ಸಲ ಅಳೆಯಬೇಕು. ಒಂದೇ ಭಾಷೆಗೆ ಹಲವು ಕಂಪೈಲರ್‌ಗಳೂ ಇರುತ್ತವೆ. ಸಿ ಭಾಷೆಯ ಒಂದೇ ಪ್ರೋಗ್ರಾಂ ಒಂದು ಕಂಪೈಲರ್‌ನಿಂದ ವೇಗವಾಗಿ, ಇನ್ನೊಂದರಿಂದ ನಿಧಾನವಾಗಿ ಓಡಬಹುದು. ಆದ್ದರಿಂದ ‘ಈ ಭಾಷೆ ವೇಗ’ ಎಂದಷ್ಟೇ ಹೇಳಿದರೆ ಮಾತು ಪೂರ್ಣವಾಗುವುದಿಲ್ಲ.

ಮಾಡಿ ನೋಡಿ

ವಿಧಾನ ಏಕೆ ಒಂದೇ ಇರಬೇಕು ಎಂಬುದನ್ನು ನೀವೇ ಕಂಡುಕೊಳ್ಳಿ. 1ರಿಂದ 100ರವರೆಗಿನ ಸಂಖ್ಯೆಗಳನ್ನು ನಿಮ್ಮ ಗೆಳೆಯ ಒಂದೊಂದಾಗಿ ಕೂಡಲಿ. ಅವನು 99 ಸಲ ಕೂಡಬೇಕು. ನೀವು 1 ಮತ್ತು 100, 2 ಮತ್ತು 99 ಹೀಗೆ ಜೋಡಿ ಮಾಡಿ. ಪ್ರತಿ ಜೋಡಿಯ ಮೊತ್ತ 101. ಅಂಥ 50 ಜೋಡಿಗಳು. 101 × 50 = 5050. ಗೆಳೆಯ ಎಷ್ಟೇ ಚುರುಕಾಗಿ ಕೂಡಿದರೂ ನೀವೇ ಮೊದಲು! ಹಾಗೆಯೇ ಒಳ್ಳೆಯ ವಿಧಾನದಲ್ಲಿ ಬರೆದರೆ ನಿಧಾನದ ಭಾಷೆಯೂ ವೇಗದ ಭಾಷೆಯನ್ನು ಸೋಲಿಸಬಹುದು.

ಈಗ 1ರಿಂದ 200ರವರೆಗಿನ ಮೊತ್ತವನ್ನು ಎರಡೂ ವಿಧಾನಗಳಲ್ಲಿ ಕಂಡುಹಿಡಿಯಿರಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ.

ಉತ್ತರ: 20,100