ಆಡಿ ಹದಿನೆಂಟರ ಹೊಳೆಪೂಜೆ

ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರು ಸೀಮೆಯಲ್ಲಿ ಆಡಿ ಹದಿನೆಂಟು ದೊಡ್ಡ ಹಬ್ಬ. ತಮಿಳಿನಲ್ಲಿ ಇದು ಆಡಿಪ್ಪೆರುಕ್ಕು. ಪೆರುಕ್ಕು ಎಂದರೆ ಹೊಳೆ ಉಕ್ಕಿ ಬರುವುದು. ನಮ್ಮ ಆಷಾಢ ಚಂದ್ರನ ಲೆಕ್ಕದ್ದು, ವರ್ಷವರ್ಷವೂ ಹಿಂದೆಮುಂದೆ ಸರಿಯುತ್ತದೆ. ಆಡಿ ಸೂರ್ಯನ ಲೆಕ್ಕದ್ದು. ಆದ್ದರಿಂದ ಹದಿನೆಂಟನೆಯ ದಿನ ಆಗಸ್ಟ್ 2 ಇಲ್ಲವೇ 3ರಂದೇ ಬರುತ್ತದೆ.

ಈ ಹಬ್ಬಕ್ಕೆ ಮೂಲ ಕಾವೇರಿ. ಕೊಡಗಿನಲ್ಲಿ ಮುಂಗಾರು ಚೆನ್ನಾಗಿ ಹಿಡಿದರೆ ಈ ಹೊತ್ತಿಗೆ ಹೊಗೇನಕಲ್ಲಿನಲ್ಲಿ ಹೊಸನೀರು ಭೋರ್ಗರೆಯುತ್ತದೆ. 'ಆಡಿಪಟ್ಟಂ ತೇಡಿ ವಿದೈ' ಎಂಬ ಗಾದೆ ನಿಮಗೆ ಗೊತ್ತೇ ಇದೆ. ಆಡಿಯ ಹದ ನೋಡಿ ಬಿತ್ತು ಎಂದರ್ಥ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಬೆಳೆಸಾಲದ ಅರ್ಜಿಗಳು ಮೇಜಿನ ಮೇಲೆ ರಾಶಿ ಬೀಳುತ್ತಿದ್ದುದೂ ಈ ತಿಂಗಳಲ್ಲೇ.

ಕಂಬೈನಲ್ಲೂರಿನ ಸುತ್ತಿನವರಿಗೆ ಹತ್ತಿರದ ದೊಡ್ಡ ಹೊಳೆ ತೆನ್‌ಪೆಣ್ಣೈ. ಹಬ್ಬದ ದಿನ ಊರೂರಿನವರು ತಮ್ಮ ದೇವರನ್ನೂ ಶೂಲವನ್ನೂ ವಾದ್ಯದೊಡನೆ ಹೊಳೆಗೆ ತಂದು ಮೀಯಿಸುತ್ತಾರೆ. ಮುತ್ತೈದೆಯರು ತಾಳಿಯ ಅರಿಸಿನದ ದಾರ ಬದಲಿಸಿಕೊಳ್ಳುತ್ತಾರೆ. ತುಂಬಿದ ಹೊಳೆಯನ್ನು ಬಸುರಿಯೆಂದು ಭಾವಿಸಿ, ಬಸುರಿಗೆ ಬಡಿಸುವಂತೆ ಚಿತ್ರಾನ್ನ ಎಡೆಯಿಡುತ್ತಾರೆ. ಆಮೇಲೆ ದಡದಲ್ಲೇ ಬುತ್ತಿ ಬಿಚ್ಚಿ, ಪಕ್ಕದಲ್ಲಿ ಕುಳಿತವರಿಗೂ ಒಂದು ತುತ್ತು ಹಾಕಿ ಉಣ್ಣುತ್ತಾರೆ. ಊರೊಗ್ಗಟ್ಟು ಎಂಬುದು ಭಾಷಣದಿಂದ ಬರುವುದಿಲ್ಲ, ಹೀಗೆ ಬರುತ್ತದೆ.

ಆದರೆ ತೆನ್‌ಪೆಣ್ಣೈ ಕಾವೇರಿಯಂತಲ್ಲ. ಇದು ಹುಟ್ಟುವುದು ಕರ್ನಾಟಕದ ನಂದಿಬೆಟ್ಟದ ಸೀಮೆಯಲ್ಲಿ. ಅಲ್ಲಿ ಇದರ ಹೆಸರು ದಕ್ಷಿಣ ಪಿನಾಕಿನಿ. ಇದಕ್ಕೆ ಹೆಚ್ಚು ನೀರು ಬರುವುದು ಹಿಂಗಾರಿನಲ್ಲಿ. ಮೇಲ್ಗಡೆ ಕೃಷ್ಣಗಿರಿಯಲ್ಲಿ 1957ರಿಂದ ಅಣೆಕಟ್ಟೂ ಇದೆ. ಹಾಗಾಗಿ ಆಡಿಯಲ್ಲಿ ಎಷ್ಟೋ ವರ್ಷ ನೀರಿಗಿಂತ ಮರಳೇ ಹೆಚ್ಚು ಕಾಣುತ್ತದೆ. ಸಾಲದ್ದಕ್ಕೆ ಬೆಂಗಳೂರು ಕಡೆಯ ಕೊಳಚೆ ಸೇರಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ಬಳಿ ಹೊಳೆಯ ಮೇಲೆ ಬಿಳಿ ನೊರೆ ಏಳುವುದನ್ನು ಹಲವು ಸಲ ಕಂಡಿದ್ದೇವೆ. ಬಸುರಿಯೆಂದು ಪೂಜಿಸುವ ತಾಯಿಗೆ ನಾವು ಕುಡಿಸುವುದು ಇದನ್ನೇ?

ಮಳೆ ದೇವರ ಕೈಯಲ್ಲಿದೆ, ಕೊಳೆ ನಮ್ಮ ಕೈಯಲ್ಲಿದೆ. ಎರಡು ಭಾಷೆ ಬಲ್ಲ ಗಡಿಯವರಾದ ನಾವು ಈ ಮಾತನ್ನು ಮೇಲಿನ ಊರಿನವರಿಗೆ ಕನ್ನಡದಲ್ಲಿಯೂ ಕೆಳಗಿನವರಿಗೆ ತಮಿಳಿನಲ್ಲಿಯೂ ಹೇಳಬಹುದು. ಹೇಳುವ ಮೊದಲು ನಾವೇ ಮಾಡಬೇಕಾದದ್ದೂ ಒಂದಿದೆ. ಹಬ್ಬ ಮುಗಿಸಿ ಏಳುವಾಗ ಹಳೆಯ ಬಟ್ಟೆ, ಪ್ಲಾಸ್ಟಿಕ್ ಚೀಲಗಳನ್ನು ಹೊಳೆಗೆ ಬಿಡದೆ ಮನೆಗೆ ಹೊತ್ತು ತರೋಣ. ಪೂಜೆಯಲ್ಲಿ ಅದೂ ಒಂದು ಭಾಗವೇ.