ತೊರವಿ ಜಾತ್ರೆಯ ಹಲ್ಲಿನ ಲೆಕ್ಕ

ಸಂಕ್ರಾಂತಿ ಬಂತೆಂದರೆ ವಿಜಯಪುರದೊಳಗೆ ಸಿದ್ಧೇಶ್ವರನ ನಂದಿಕೋಲುಗಳ ಸಡಗರ, ಊರಾಚೆ ತೊರವಿಯಲ್ಲಿ ದನಗಳ ಜಾತ್ರೆ. ತಿಕೋಟಾ, ಬಬಲೇಶ್ವರದ ಕಡೆಯ ಎರೆಹೊಲದ ರೈತರು ಕಿಲಾರಿ ಹೋರಿಗಳನ್ನು ತೊಳೆದು, ಕೋಡಿಗೆ ಬಣ್ಣ ಹಚ್ಚಿ ಇಲ್ಲಿ ಕಟ್ಟುತ್ತಾರೆ. ಕೊಳ್ಳುವವನು ಮೊದಲು ನಡಿಗೆ ನೋಡುತ್ತಾನೆ, ಕೋಡು ನೋಡುತ್ತಾನೆ, ಸುಳಿ ನೋಡುತ್ತಾನೆ. ಕಡೆಗೆ ಮೂಗುದಾರ ಹಿಡಿದು ಕೆಳದುಟಿ ಜಗ್ಗುತ್ತಾನೆ.

‘ಹಲ್ಲೆಷ್ಟ?’

‘ನಾಕ ಅದಾವ ನೋಡ್ರಿ.’

ವಯಸ್ಸಿನ ಮಾತು ಅಲ್ಲಿಗೆ ಮುಗಿಯಿತು. ಇನ್ನುಳಿದದ್ದು ಟವೆಲ್ ಕೆಳಗೆ ಬೆರಳುಗಳಲ್ಲೇ ನಡೆಯುವ ಬೆಲೆಯ ವ್ಯವಹಾರ.

ದನದ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಗಟ್ಟಿ ವಸಡಿನ ಮೆತ್ತೆ ಮಾತ್ರ. ಕೆಳಗೆ ಎಂಟು. ಕರುವಿಗಿರುವುದು ಸಣ್ಣ ಹಾಲುಹಲ್ಲು. ಎರಡು, ಎರಡೂವರೆ ವರ್ಷದ ಸುಮಾರಿಗೆ ನಟ್ಟನಡುವಿನ ಜೋಡಿ ಬಿದ್ದು ಅಗಲವಾದ ಹೊಸ ಹಲ್ಲು ಮೂಡುತ್ತವೆ. ಅದು ಎರಡು ಹಲ್ಲಿನ ಹೋರಿ. ಆಮೇಲೆ ಒಂದೊಂದೇ ಜೋಡಿ ಬದಲಾಗುತ್ತ ನಾಲ್ಕು ಹಲ್ಲು, ಆರು ಹಲ್ಲು ಆಗುತ್ತದೆ. ನಾಲ್ಕರಿಂದ ಐದು ವರ್ಷದೊಳಗೆ ಎಂಟೂ ಬಂದರೆ ‘ಬಾಯಿಗೂಡಿತು’. ಮೇವು, ತಳಿ, ಆರೋಗ್ಯದಿಂದ ಕೆಲವು ತಿಂಗಳು ಹಿಂದುಮುಂದಾದೀತು. ಸರದಿ ಮಾತ್ರ ನಡುವಿನಿಂದ ಅಂಚಿಗೇ ಸಾಗುತ್ತದೆ. ಈ ಸರದಿಯನ್ನು ನಂಬಿಯೇ ಬಯಲುಸೀಮೆಯ ದನದ ವ್ಯಾಪಾರ ನಡೆದು ಬಂದಿದೆ. ಪಶುವೈದ್ಯರು ವಯಸ್ಸು ಅಂದಾಜಿಸುವುದೂ ಹೀಗೆಯೇ.

ಈ ಸರದಿ ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ. ಭ್ರೂಣದ ದವಡೆಯ ಮೇಲ್ಪದರ ಒಂದು ಕಡೆ ದಪ್ಪವಾಗಿ ಒಳಗಿಳಿಯುತ್ತದೆ. ಕೆಳಗಿನ ಜೀವಕೋಶಗಳು ಅದರ ಸುತ್ತ ಗುಂಪುಗೂಡುತ್ತವೆ. ಆಮೇಲೆ ಎರಡೂ ಪದರಗಳ ನಡುವೆ ಸಂದೇಶಗಳ ಕೊಡುಕೊಳ್ಳುವಿಕೆ. ಬಿಎಂಪಿ, ಎಫ್‌ಜಿಎಫ್, ಸೋನಿಕ್ ಹೆಡ್ಜ್‌ಹಾಗ್, ಡಬ್ಲ್ಯುಎನ್‌ಟಿ ಎಂಬ ಪ್ರೋಟೀನುಗಳೇ ಆ ಸಂದೇಶಗಳು. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಇರ್ಮಾ ಥೆಸ್ಲೆಫ್, ಯುಕ್ಕಾ ಯರ್ನ್‌ವಾಲ್ ಅವರ ತಂಡಗಳು ಇದನ್ನು ಇಲಿಗಳಲ್ಲಿ ವಿವರವಾಗಿ ಬಿಡಿಸಿ ತೋರಿಸಿದವು. ಹಲ್ಲಿನ ಮೊಳಕೆಯ ನಡುವೆ ‘ಎನಾಮಲ್ ನಾಟ್’ ಎಂಬ ಪುಟ್ಟ ಗಂಟಿದೆ. ಅದು ತಾನು ಬೆಳೆಯದೆ ಸುತ್ತಲಿನ ಕೋಶಗಳನ್ನು ಬೆಳೆಸುತ್ತದೆ. ಅಂಥ ಗಂಟು ಎಲ್ಲೆಲ್ಲಿ ಏಳುತ್ತದೋ ಅಲ್ಲಲ್ಲಿ ಹಲ್ಲಿಗೆ ಏಣು. ಎತ್ತಿನ ದವಡೆಹಲ್ಲಿನ ಮೇಲಿನ ಅರ್ಧಚಂದ್ರದ ಏಣುಗಳೂ ಮನುಷ್ಯನ ದವಡೆಹಲ್ಲಿನ ಗುಬುಟುಗಳೂ ಇದೇ ಕೆಲಸದ ಬೇರೆ ಬೇರೆ ಫಲ.

ಮುಂದಿನ ಹಲ್ಲು ಯಾವುದು, ದವಡೆಯ ಹಲ್ಲು ಯಾವುದು ಎಂದು ಗೊತ್ತುಮಾಡುವವರು ಯಾರು? ದವಡೆಯ ಮುಂಭಾಗದಲ್ಲಿ ಎಂಎಸ್ಎಕ್ಸ್-1, ಹಿಂಭಾಗದಲ್ಲಿ ಬಾರ್‌ಎಕ್ಸ್-1 ಎಂಬ ಜೀನುಗಳು ಎಚ್ಚರವಾಗಿರುತ್ತವೆ. 1998ರಲ್ಲಿ ಲಂಡನ್ನಿನ ಅಬಿಗೈಲ್ ಟಕರ್, ಪಾಲ್ ಶಾರ್ಪ್ ಮತ್ತು ಸಂಗಡಿಗರು ಇಲಿ ಭ್ರೂಣದ ಮುಂದವಡೆಯಲ್ಲಿ ಬಿಎಂಪಿ ಸಂದೇಶವನ್ನು ತಡೆದರು. ಬಾರ್‌ಎಕ್ಸ್-1 ಅಲ್ಲಿಯೂ ಎಚ್ಚೆತ್ತಿತು. ಬಾಚಿಹಲ್ಲು ಮೂಡಬೇಕಾದಲ್ಲಿ ದವಡೆಹಲ್ಲಿನಾಕಾರ ಮೂಡಿತು. ನನ್ನ ಮಟ್ಟಿಗೆ ಈ ವಿಜ್ಞಾನದಲ್ಲೇ ಬೆರಗಿನ ಪ್ರಯೋಗ ಅದು.

ತೊರವಿಯ ಲೆಕ್ಕದಲ್ಲೂ ಇಂಥದೊಂದು ಸೋಜಿಗವಿದೆ. ಬಾಯಿಗೂಡಿಸುವ ನಾಲ್ಕನೆಯ ಜೋಡಿ ನಿಜಕ್ಕೂ ಬಾಚಿಹಲ್ಲಲ್ಲ, ಬಾಚಿಹಲ್ಲಿನ ರೂಪ ತಾಳಿ ಸಾಲಿಗೆ ಬಂದು ನಿಂತ ಕೋರೆಹಲ್ಲು ಎನ್ನುತ್ತಾರೆ ಪ್ರಾಣಿಶಾಸ್ತ್ರಜ್ಞರು. ದಲ್ಲಾಳಿಗೆ ಅದರಿಂದ ಏನೂ ಆಗಬೇಕಿಲ್ಲ, ಅವನಿಗೆ ಎಂಟೆಂದರೆ ಎಂಟು. ಇನ್ನು ಮೇಲ್ದವಡೆಯ ಮಾತು. ಹುಟ್ಟದ ಕರುವಿನ ಮೇಲ್ದವಡೆಯಲ್ಲಿ ಹಲ್ಲಿನ ಕುರುಹು ಇದ್ದು ಅದು ವಸಡು ಸೀಳಿ ಹೊರಬಾರದೆಂದು ಡಾರ್ವಿನ್ 1859ರಲ್ಲೇ ಬರೆದಿದ್ದ.

ಸಂದೇಶ ತಪ್ಪಿದರೆ? 1875ರ ಪುಸ್ತಕವೊಂದರಲ್ಲಿ ಅದೇ ಡಾರ್ವಿನ್ ಸಿಂಧ್ ಪ್ರಾಂತ್ಯದ ಒಂದು ಮನೆತನದ ವಿಷಯ ಬರೆಯುತ್ತಾನೆ. ಆಗ ಸಿಂಧ್, ಇಂದಿನ ವಿಜಯಪುರವಾದ ಬಿಜಾಪುರ ಎರಡೂ ಮುಂಬೈ ಪ್ರೆಸಿಡೆನ್ಸಿಗೇ ಸೇರಿದ್ದವು. ಆ ಮನೆಯ ನಾಲ್ಕು ತಲೆಮಾರಿನ ಹತ್ತು ಗಂಡಸರಿಗೆ ಬಾಯಲ್ಲಿ ಬೆರಳೆಣಿಕೆಯ ಸಣ್ಣ ಹಲ್ಲು, ಮೈಮೇಲೆ ತೀರ ಕಡಿಮೆ ಕೂದಲು, ಬೇಸಿಗೆಯ ತಾಪ ತಡೆಯಲಾಗದ ಸಂಕಟ. ಹೆಣ್ಣುಮಕ್ಕಳಿಗೆ ಆ ತೊಂದರೆ ಇರಲಿಲ್ಲ, ಆದರೆ ಅವರ ಗಂಡುಮಕ್ಕಳಿಗೆ ದಾಟುತ್ತಿತ್ತು. ಇಂಥ ಲಕ್ಷಣಗಳಿಗೆ ಕಾರಣವಾದ, ಅಂಥದೇ ಒಂದು ಸಂದೇಶದ ಇಡಿಎ ಜೀನು ಎಕ್ಸ್ ಕ್ರೋಮೋಸೋಮಿನಲ್ಲಿ ಪತ್ತೆಯಾದದ್ದು 1996ರಲ್ಲಿ. ಅದೇ ಜೀನಿನ ದೋಷದಿಂದ ಕೂದಲೂ ಹಲ್ಲೂ ತೀರ ಕಡಿಮೆಯಿರುವ ಕರುಗಳು ಜರ್ಮನಿಯ ಹೋಲ್‌ಸ್ಟೀನ್ ದನಗಳಲ್ಲಿ ಕಂಡುಬಂದಿವೆ.

ಬಾಯಿಗೂಡಿದ ಮೇಲೆ ಈ ಲೆಕ್ಕ ನಿಲ್ಲುತ್ತದೆ. ಆಮೇಲಿನದೇನಿದ್ದರೂ ಸವೆತದ ಅಂದಾಜು. ಕಣಿಕೆ, ಹುಲ್ಲು, ಮಣ್ಣು ಹಲ್ಲನ್ನು ಎಷ್ಟು ತಿಂದಿವೆ ಎನ್ನುವುದು. ಮೋಸ ನಡೆಯುವುದೂ ಅಲ್ಲಿಯೇ, ಅನುಭವಿಗಳ ಬೆಲೆ ತಿಳಿಯುವುದೂ ಅಲ್ಲಿಯೇ. ಈಗ ದನಗಳ ಕಿವಿಗೆ 12 ಅಂಕಿಯ ಬಿಲ್ಲೆ ಬಂದಿದೆ. ಆದರೂ ಎತ್ತು ಕೊಳ್ಳುವವನ ಕೈ ತುಟಿಗೇ ಹೋಗುತ್ತದೆ, ಹೋಗಬೇಕು ಕೂಡ. ಮುಂದಿನ ಸಂಕ್ರಾಂತಿಗೆ ತೊರವಿಗೆ ಬಂದರೆ ಹಿರಿಯ ರೈತರೊಬ್ಬರ ಪಕ್ಕ ನಿಂತು ಹಲ್ಲಿನ ಲೆಕ್ಕ ಹೇಳಿಸಿಕೊಳ್ಳಿ. ಮಾಲೀಕರನ್ನು ಕೇಳದೆ ನೀವೇ ತುಟಿ ಜಗ್ಗಲು ಹೋಗಬೇಡಿ: ಕಿಲಾರಿ ಕೋಡು ಉದ್ದ, ತಾಳ್ಮೆ ಕಡಿಮೆ.