ಹಬ್ಬದ ಮನೆಯಲ್ಲಿ ಒಂದು ಬೀಳ್ಕೊಡುಗೆ

ನೀರು ತುಂಬುವ ಹಬ್ಬದ ಸಂಜೆ, ಬಚ್ಚಲುಮನೆಯ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿ, ಅದರ ಕೊರಳಿಗೆ ಹಾಗಲಬಳ್ಳಿಯನ್ನು ಸುತ್ತಿ, ಮನೆಯವರೆಲ್ಲರೂ ಮರುದಿನದ ಅಭ್ಯಂಜನಕ್ಕೆ ಅಣಿಯಾಗುತ್ತಿದ್ದಾಗ, ಅದೇ ಹಂಡೆಯ ಒಲೆಯ ಮುಂದೆ, ಮಡಿಸಿ ಹಾಸಿದ ಗೋಣಿಯ ಮೇಲೆ, ಹದಿನಾಲ್ಕು ವರ್ಷ ನಮ್ಮೊಡನೆ ಬಾಳಿದ ಕೆಂಚ ಮಲಗಿತ್ತು. ಎರಡು ದಿನಗಳಿಂದ ಅದು ಅನ್ನ ಮುಟ್ಟಿರಲಿಲ್ಲ. ಹೆಸರು ಹಿಡಿದು ಕರೆದರೆ ತಲೆಯೆತ್ತಲಾರದೆ, ಬಾಲದ ತುದಿಯನ್ನು ಮಾತ್ರ ಎರಡು ಸಲ ನೆಲಕ್ಕೆ ಬಡಿಯುತ್ತಿತ್ತು. ಮೂತ್ರಪಿಂಡಗಳು ಸೋತಿವೆಯೆಂದು ವೈದ್ಯರು ಹದಿನೈದು ದಿನಗಳ ಹಿಂದೆಯೇ ಹೇಳಿದ್ದರು. ಆ ಅಂಗಗಳ ಶಕ್ತಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಷ್ಟವಾಗುವವರೆಗೂ ನಾಯಿಯಲ್ಲಿ ರೋಗದ ಲಕ್ಷಣಗಳು ಹೊರಗೆ ತೋರುವುದಿಲ್ಲವಾದ್ದರಿಂದ, ನಮಗೆ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು.

ಸಾಮಾನ್ಯ ದಿನಗಳಲ್ಲಾದರೆ ಈ ದುಃಖಕ್ಕೆ ಮನೆಯಲ್ಲಿ ಒಂದು ಮೂಲೆ ದೊರಕುತ್ತದೆ. ಹಬ್ಬದಲ್ಲಿ ಅದೂ ಇಲ್ಲ. ನೆಂಟರು ಬಂದಿರುತ್ತಾರೆ, ಮಕ್ಕಳು ಹೊಸ ಬಟ್ಟೆಯ ಸಂಭ್ರಮದಲ್ಲಿರುತ್ತಾರೆ, ಒಂದು ನಾಯಿಗೋಸ್ಕರ ಹಬ್ಬದ ದಿನ ಕಣ್ಣೀರೇ ಎಂದು ಯಾರಾದರೂ ಅಂದಾರೆಂಬ ಸಂಕೋಚವು ದುಃಖಕ್ಕಿಂತಲೂ ಹೆಚ್ಚಾಗಿ ನಾಲಗೆಯನ್ನು ಕಟ್ಟುತ್ತದೆ. ಈ ಸಂಕೋಚಕ್ಕೆ ಕಾರಣವಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949ರ ಶಾಸನವು, ತನ್ನ ಶೌರ್ಯಕ್ಕೆ ಮೆಚ್ಚಿದ ಒಡೆಯನಲ್ಲಿ ಭೂಮಿಕಾಣಿಗಳನ್ನು ಬೇಡದೆ 'ಕಾಳಿ'ಯೆಂಬ ಬೇಟೆನಾಯಿಯನ್ನು ಬೇಡಿ ಪಡೆದ ಮಣಲೇರನ ಕಥೆಯನ್ನು ಹೇಳುತ್ತದೆ. ಆ ನಾಯಿಯು ಕಾಡುಹಂದಿಯೊಡನೆ ಸೆಣಸಿ ಮಡಿದಾಗ ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವವನಿಗೆ ನಾಯಿಯ ಪಾಪ ತಟ್ಟುವುದೆಂದು ಬರೆಯಿಸಿದರು. ನಾವು ಎಣ್ಣೆನೀರು ಹಾಕಿಕೊಳ್ಳುವ ನರಕ ಚತುರ್ದಶಿಯಂದೇ ನೇಪಾಳದ ಜನರು ನಾಯಿಗಳ ಹಣೆಗೆ ತಿಲಕವಿಟ್ಟು ಹೂಮಾಲೆ ಹಾಕುತ್ತಾರೆ.

ಹಬ್ಬವನ್ನು ನಿಲ್ಲಿಸಬೇಕಾದುದಿಲ್ಲ, ಅದರ ಸದ್ದನ್ನು ತಗ್ಗಿಸಿದರೆ ಸಾಕು. ಮನುಷ್ಯನ ಕಿವಿಗೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಕೇಳಿಸಿದರೆ ನಾಯಿಗೆ 40,000ಕ್ಕೂ ಮಿಕ್ಕಿದ್ದು ಕೇಳಿಸುತ್ತದೆ; ಎದ್ದು ಓಡಲಾರದ ರೋಗಿಗೆ ಪಟಾಕಿಯ ಸಿಡಿತವು ತಪ್ಪಿಸಿಕೊಳ್ಳಲಾಗದ ಹೊಡೆತ. ಬೀದಿಗೆ ದೂರವಾದ ಒಳಕೋಣೆಯಲ್ಲಿ, ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟು, ಪರಿಚಿತರೊಬ್ಬರು ಪಕ್ಕದಲ್ಲಿ ಕುಳಿತರೆ ಅದರ ನಡುಕ ಎಷ್ಟೋ ಕಡಿಮೆಯಾಗುತ್ತದೆ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಹುಣ್ಣಾಗುವುದರಿಂದ ಕೆಲವು ಗಂಟೆಗಳಿಗೊಮ್ಮೆ ಹೊರಳಿಸಬೇಕು. ಒದ್ದೆಯಾದ ಹಾಸನ್ನು ಆಗಿಂದಾಗಲೇ ಬದಲಿಸಬೇಕು. ನೀರನ್ನು ಒತ್ತಾಯದಿಂದ ಹೊಯ್ಯದೆ ಬೆರಳಿನಿಂದ ತುಟಿಗೆ ಸವರಬೇಕು. ಕೊನೆಗಾಲಕ್ಕೆ ಬಾಯಿರುಚಿಯಾದರೂ ಆಗಲೆಂದು ಪ್ರೀತಿಯಿಂದಲೇ ಕೇಸರಿಬಾತಿನ ತುತ್ತು ಕೊಡುವವರುಂಟು, ಆದರೆ ಅದರಲ್ಲಿರುವ ಒಣದ್ರಾಕ್ಷಿಯು ನಾಯಿಯ ಮೂತ್ರಪಿಂಡಕ್ಕೆ ವಿಷ. ನೋವು ಕಡಿಮೆಯಾಗಲೆಂದು ಮನೆಯಲ್ಲಿರುವ ನಮ್ಮ ಗುಳಿಗೆಗಳನ್ನು ಕೊಡುವುದಂತೂ ಅಪಾಯಕರ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ಗಳಿಂದ ಪ್ರಾಣಿಗಳು ಸತ್ತಿವೆ.

ಇವೆಲ್ಲಕ್ಕಿಂತ ಕಠಿನವಾದುದು ಬೀಳ್ಕೊಡುವ ಗಳಿಗೆಯ ನಿರ್ಣಯ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಅವರು 2004ರಲ್ಲಿ ಇದಕ್ಕೊಂದು ಅಳತೆಗೋಲನ್ನು ಕೊಟ್ಟರು: ನೋವು, ಹಸಿವು, ದೇಹದ ನೀರಿನಂಶ, ಶುಚಿತ್ವ, ಉಲ್ಲಾಸ, ಚಲನೆ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಈ ಏಳಕ್ಕೂ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಮೊತ್ತವು 35ನ್ನು ಮೀರಿದರೆ ಶುಶ್ರೂಷೆಯನ್ನು ಮುಂದುವರಿಸಬಹುದು. ಅಂಕಗಳೇ ತೀರ್ಪಲ್ಲ, ಆದರೂ ಪ್ರೀತಿಯಿಂದ ಮಂಜಾದ ಕಣ್ಣಿಗೆ ಅವು ದೀಪ ಹಿಡಿಯುತ್ತವೆ. ಈ ಏಳರಲ್ಲಿ ಪಂಚಾಂಗಕ್ಕೆ ಸ್ಥಾನವಿಲ್ಲವೆಂಬುದನ್ನು ಗಮನಿಸಬೇಕು. ಹಬ್ಬ ಮುಗಿಯಲಿ ಎಂದು ಪ್ರಾಣಿಯ ನರಳಾಟವನ್ನು ಎಳೆಯುವುದೂ, ನೆಂಟರು ಬರುವುದರೊಳಗೆ ಮುಗಿಯಲಿ ಎಂದು ಅವಸರಪಡುವುದೂ ಒಂದೇ ತೂಕದ ಅನ್ಯಾಯ.

ನಾವು ಮೊದಲನೆಯ ಅನ್ಯಾಯವನ್ನು ಮಾಡಿದೆವು. ಚತುರ್ದಶಿಯ ಬೆಳಗಿನ ಜಾವದಲ್ಲಿ ಎಲ್ಲರ ನೆತ್ತಿಗೂ ಎಣ್ಣೆಯೊತ್ತಿದ ನಮ್ಮ ತಾಯಿ, ಬೆರಳಲ್ಲಿ ಉಳಿದುದನ್ನು ಕೆಂಚನ ಹಣೆಗೂ ಮುಟ್ಟಿಸಿದಾಗ, ಅದು ಕಣ್ಣು ತೆರೆದು ಅವರ ಮಣಿಕಟ್ಟನ್ನು ಮೂಸಿತು. ಆ ಒಂದು ಚಿಹ್ನೆಯನ್ನು ನೆಚ್ಚಿ, ಹಬ್ಬ ಕಳೆಯಲಿ ಎಂದೆವು. ರಾತ್ರಿ ಉಸಿರಾಟ ಕೆಟ್ಟಿತು. ಮೂರು ಕಡೆ ಫೋನು ಮಾಡಿದೆವು, ರಜೆಯಾದುದರಿಂದ ಯಾರೂ ದೊರೆಯಲಿಲ್ಲ. ಹೊರಗೆ ಆಕಾಶವೆಲ್ಲ ಬೆಳಕಾಗುತ್ತಿದ್ದ ಆ ರಾತ್ರಿಯನ್ನು ಅದು ಏದುತ್ತಲೇ ಕಳೆಯಿತು. ಬೆಳಗಾದ ಮೇಲೆ ಬಂದ ವೈದ್ಯರು ಮೊದಲು ಮಂಪರಿನ ಸೂಜಿಯನ್ನು ಕೊಟ್ಟು, ಅದು ನಿದ್ರೆ ಹೋದ ಅನಂತರ ಅರಿವಳಿಕೆಯ ಔಷಧವನ್ನೇ ಅಧಿಕ ಪ್ರಮಾಣದಲ್ಲಿ ರಕ್ತನಾಳಕ್ಕೆ ಸೇರಿಸಿದರು. ಕೆಲವೇ ನಿಮಿಷಗಳಲ್ಲಿ ಹೃದಯವು ಶಾಂತವಾಗಿ ನಿಂತಿತು. ಕಣ್ಣು ಮುಚ್ಚಲಿಲ್ಲ, ಹಾಗೆ ತೆರೆದೇ ಇರುವುದು ಸಹಜವೆಂದು ಅವರು ಮೊದಲೇ ಹೇಳಿದ್ದುದರಿಂದ ನಾವು ಬೆದರಲಿಲ್ಲ.

ನನ್ನ ತಂಗಿಯ ಆರು ವರ್ಷದ ಮಗಳು, "ಮಾವ, ಕೆಂಚ ಯಾವಾಗ ಏಳುತ್ತೆ?" ಎಂದಳು. ಮಲಗಿದೆ ಎಂದು ಹೇಳಿಬಿಡುವುದು ಸುಲಭವಾಗಿತ್ತು, ಆದರೆ ಹಾಗೆ ಹೇಳಿದರೆ ಮಕ್ಕಳು ನಿದ್ರೆಗೇ ಅಂಜುತ್ತಾರೆ. "ಸತ್ತುಹೋಯಿತು ಮಗು, ಇನ್ನು ಏಳುವುದಿಲ್ಲ, ನೋವೂ ಇಲ್ಲ" ಎಂದೆ. ಅವಳು ಸ್ವಲ್ಪ ಹೊತ್ತು ಅತ್ತು, ಗೋಪೂಜೆಗೆ ತಂದಿದ್ದ ಚೆಂಡುಹೂಗಳಲ್ಲಿ ಒಂದು ಹಿಡಿಯನ್ನು ತಾನೇ ತಂದಳು. ಹಿತ್ತಿಲಿನಲ್ಲಿ ಬಾವಿಗೆ ದೂರವಾಗಿ ನಾಲ್ಕಡಿ ಆಳದ ಗುಂಡಿ ತೋಡಿಸಿದೆವು. ಔಷಧ ಸೇರಿದ ದೇಹವನ್ನು ಬೇರೆ ಪ್ರಾಣಿಗಳು ಕೆದಕಿ ತಿಂದರೆ ಅವೂ ಸಾಯಬಹುದಾದ್ದರಿಂದ ಆಳವು ಅಗತ್ಯ.

ನಿಮ್ಮ ಮನೆಯಲ್ಲಿ ಇಳಿವಯಸ್ಸಿನ ಪ್ರಾಣಿಯೊಂದಿದ್ದರೆ, ಹಬ್ಬಕ್ಕೆ ಒಂದು ವಾರ ಮುಂಚೆಯೇ ಅದನ್ನು ವೈದ್ಯರಿಗೆ ತೋರಿಸಿ, ನೋವಿನ ಔಷಧವನ್ನು ತಂದಿಟ್ಟುಕೊಳ್ಳಿ. ರಜೆಯ ರಾತ್ರಿ ಕರೆದರೆ ಬರುವವರು ಯಾರೆಂದು ಕೇಳಿ, ಅವರ ನಂಬರನ್ನು ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಿ.